ತೇರು ನಿಂತಲ್ಲೇ ಹಾಳಾಗ್ತದ, ಹೆಂಗ?

1/7
ದೋಸ್ತರೇ, ಕಲಬುರಗಿಯವರಾದ್ರೆ ಶರಣಬಸವೇಶ್ವರ ಜಾತ್ರೆಗೆ ಹೋಗೇ ಹೋಗಿರ್ತೀರಿ. ಹೋಳಿ ಹುಣ್ಣಿಮೆ ಕಳೆದು ಐದನೇ ದಿನ ತೇರು. ಹಿಂದಿನ ದಿನ ಉಚ್ಚಾಯಿ. ಉತ್ತತ್ತಿ, ಬಾಳೆಹಣ್ಣು ಮೇಲಕ್ಕೆ ಹಾರ್ತಾವ, ಎಲ್ಲರ ಫೋನೂ ಮೇಲಕ್ಕೆ ಎದ್ದಿರ್ತಾವ. ನಮ್ಮ ಗ್ಯಾಲರಿಯಲ್ಲಿ ಇರೋದು ಆ ಒಂದು ದಿನದ ಫೋಟೊ ಮಾತ್ರ.

ಒಂದು ಪ್ರಶ್ನೆ. ವರ್ಷಕ್ಕೊಮ್ಮೆ ಎಳೆಯೋ ಕಟ್ಟಿಗೆಯ ತೇರು, ಯಾವ ಊರಿನದ್ದೇ ಇರಲಿ, ಉಳಿದ 364 ದಿನ ಏನ್ ಮಾಡ್ತದ? ಸುಮ್ಮನೆ ನಿಂತಿರ್ತದ. ಕಟ್ಟಿಗೆಗೆ ನಿಜವಾದ ಪರೀಕ್ಷೆ ಆ ದಿನಗಳಲ್ಲೇ. ಈ ಸರಣಿ ಅದರ ಬಗ್ಗೆ.

2/7
ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಗುಡಿಗಳ ಹಬ್ಬದಲ್ಲಿ ಗಾಲಿ ಇರುವ ತೇರುಗಳನ್ನು ಎಳೆಯುವುದನ್ನು ಬರೆದಿಟ್ಟಿದ್ದಾನೆ. ಇವತ್ತು ಹಂಪಿಗೆ ಹೋದ್ರೆ ನಮಗೆ ಸಿಗೋದು ವಿಠ್ಠಲ ಗುಡಿಯ ಕಲ್ಲಿನ ರಥ. ಅದೇ ನಿಮ್ಮ 50 ರೂಪಾಯಿ ನೋಟಿನ ಮೇಲೂ ಇದೆ. ಅಸಲಿಗೆ ಅದು ತೇರಲ್ಲ, ತೇರಿನ ಆಕಾರದ ಗರುಡನ ಗುಡಿ. ಕಟ್ಟಿಗೆಯನ್ನು ನೋಡಿ ಮಾಡಿದ ಕಲ್ಲು ಉಳಿಯಿತು. ಕಟ್ಟಿಗೆ ಉಳಿಯಬೇಕಾದರೆ ಪ್ರತಿ ತಲೆಮಾರೂ ಕೈ ಹಚ್ಚಬೇಕು.

3/7
ಯಾಕೆ ಅಂತೀರಾ? ಕಟ್ಟಿಗೆ ಕಡಿದ ಮೇಲೂ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ನಮ್ಮ ಊರಿನ ಬೇಸಿಗೆ ಗೊತ್ತೇ ಇದೆಯಲ್ಲ, 40 ಡಿಗ್ರಿ ದಾಟಿ ಹೋಗ್ತದ. ಆಗ ಕಟ್ಟಿಗೆ ಕುಗ್ಗುತ್ತದೆ. ಮಳೆಗಾಲದಲ್ಲಿ ಉಬ್ಬುತ್ತದೆ. ಉದ್ದಕ್ಕೆ ಏನೂ ಆಗೋದಿಲ್ಲ ಅಂತಲೇ ಹೇಳಬಹುದು, ಆಗೋದೆಲ್ಲ ಅಡ್ಡಕ್ಕೆ. ಅದರಲ್ಲೂ ಮರದ ಉಂಗುರದ ಸುತ್ತಳತೆಯ ಕಡೆ, ನಡುವಿನಿಂದ ಹೊರಗಿನ ದಿಕ್ಕಿಗಿಂತ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ದಪ್ಪ ದಿಮ್ಮಿಯಲ್ಲಿ ಹೊರಗಿಂದ ನಡುವಿನ ಕಡೆಗೆ ಸೀಳು ಬಿಡೋದು ಅದಕ್ಕೇ.

ಸೀಳಿನೊಳಗೆ ಮಳೆನೀರು ಕೂತರೆ ಮುಂದಿನ ಕಥೆ ಶುರು. ಕಟ್ಟಿಗೆಯ ತೇವ ಶೇ 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲ್ಲ. ದಾಟಿತೋ, ಒಳಗಿಂದ ಮೆತ್ತಗಾಗುತ್ತದೆ. ಮೇಲೆ ಹೊಸ ಬಣ್ಣ ಬಳಿದಿದ್ದರೆ ಹೊರಗಿನವರಿಗೆ ಗೊತ್ತೇ ಆಗಲ್ಲ.

4/7
ಈಗ ಕಮಲಾಪುರದ ಕಡೆ ಬನ್ನಿ. ಹಂಪಿ ಪಕ್ಕದ್ದಲ್ಲರೀ, ಕೆಂಪು ಬಾಳೆಹಣ್ಣಿನ ನಮ್ಮ ಕಮಲಾಪುರ. ಈ ಕಡೆಯ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಬರೋ ತನಕ ಮನೆಯ ವಾಹನ ಅಂದ್ರೆ ಬಂಡಿ. ಬಿತ್ತನೆಗೆ ಬಂಡಿ, ರಾಶಿಗೆ ಬಂಡಿ, ಎಳ್ಳಮಾವಾಸ್ಯೆಗೆ ಭಜ್ಜಿ-ರೊಟ್ಟಿ ಗಂಟು ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲೋಕೆ ಹೋಗೋದಕ್ಕೂ ಬಂಡಿ.

ಕಟ್ಟಿಗೆ ಗಾಲಿಯ ಮೇಲಿನ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಸಿ ಏರಿಸುತ್ತಾರೆ. ನೀರು ಹಾಕಿದ ಕೂಡಲೇ ಕಬ್ಬಿಣ ಕುಗ್ಗಿ ಗಾಲಿಯ ಎಲ್ಲಾ ತುಂಡುಗಳನ್ನು ಒಂದಾಗಿ ಹಿಡಿಯುತ್ತದೆ. ಬಡಿಗೇರರು, ಕಂಬಾರರು ಇಬ್ಬರೂ ಕೂಡಿ ಮಾಡೋ ಕೆಲಸ ಅದು. ಬೇಸಿಗೆಯಲ್ಲಿ ಗಾಲಿ ಒಣಗಿ ಹಳಿ ಸಡಿಲಾದರೆ ನೀರಲ್ಲಿ ನೆನೆಸಿ ಬಿಗಿ ಮಾಡ್ತಿದ್ದರು. ದಿನಾ ಓಡೋ ಬಂಡಿಯ ಸಡಿಲು ದಿನಾ ಕಿವಿಗೆ ಬೀಳ್ತಿತ್ತು: ಕಿರ್‍ರ್ ಅಂದ್ರೆ ಎಣ್ಣೆ, ಕಟಕಟ ಅಂದ್ರೆ ಬಡಿಗೇರರ ಮನೆ.

ಬೇವಿನ ಗಿಡದ ಕೆಳಗೆ ಹತ್ತು ವರ್ಷ ನಿಂತ ಬಂಡಿ ಯಾವ ಸದ್ದೂ ಮಾಡಲ್ಲ. ಗಾಲಿ ಎರೆ ಮಣ್ಣಲ್ಲಿ ಹೂತಿರುತ್ತದೆ, ಮಣ್ಣು ತೇವ ಬಿಡೋದೇ ಇಲ್ಲ. ಗೆದ್ದಲು ನೆಲದಿಂದ ಮಣ್ಣಿನ ಸಣ್ಣ ಕೊಳವೆ ಕಟ್ಟಿಕೊಂಡು ಮೇಲೇರುತ್ತದೆ. ಮೊದಲು ಹೊರಗಿನ ಬಿಳಿ ಭಾಗ ಹೋಗ್ತದ. ಸಾಗವಾನಿಯ ಒಳಗಿನ ಚೇಗು ಬಹಳ ದಿನ ತಡೆಯುತ್ತದೆ, ಆದರೆ ಕೀಲು ಕೂಡಿಸಿದ ಜಾಗ ಅಲ್ಲಿಯವರೆಗೆ ಕಾಯಲ್ಲ.

5/7
ಬಂಡಿ ಮುರಿದ್ರೆ ಒಂದು ಮನೆಗೆ ನಷ್ಟ. ತೇರು ಮುರಿದ್ರೆ? 2017ರ ಫೆಬ್ರವರಿ ನೆನಪಿಟ್ಟುಕೊಳ್ಳಿ, ಒಂದೇ ತಿಂಗಳಲ್ಲಿ ಕರ್ನಾಟಕದ ಎರಡು ತೇರುಗಳಿಗೆ ಆಪತ್ತು.

ಕೊಟ್ಟೂರಿನ ಗುರು ಕೊಟ್ಟೂರೇಶ್ವರ ತೇರು ಎಳೆಯುವಾಗಲೇ ವಾಲಿ ಬಿತ್ತು. ಅಚ್ಚು ಮುರಿದಿತ್ತು ಅಂತ ಆಗಿನ ವರದಿಗಳು. ಹಲವರಿಗೆ ಪೆಟ್ಟಾಯಿತು. ಚಾಮರಾಜನಗರದಲ್ಲಿ ಚಾಮರಾಜೇಶ್ವರನ ತೇರು ನಿಂತಿದ್ದಾಗಲೇ ಬೆಂಕಿಗೆ ಸಿಕ್ಕಿತು. ಆಷಾಢದಲ್ಲಿ ಹೊಸ ಮದುಮಕ್ಕಳು ಸೇರುವ ಆ ತೇರು ಮತ್ತೆ ನಡೆದದ್ದು 2022ರಲ್ಲಿ, ಹೊಸ ರಥ ಬಂದ ಮೇಲೆ. 2020ರ ಸೆಪ್ಟೆಂಬರ್‌ನಲ್ಲಿ ಆಂಧ್ರದ ಅಂತರ್ವೇದಿಯ ತೇರಂತೂ ತನ್ನ ಶೆಡ್ಡಿನೊಳಗೇ ಸುಟ್ಟು ಹೋಯಿತು.

ಅಂದ್ರೆ ಶೆಡ್ ಕಟ್ಟಿದರೆ ಮುಗಿಯಲಿಲ್ಲ. ಸುತ್ತ ತಗಡು ಹೊಡೆದು ಮುಚ್ಚಿದರೆ ಮಳೆ ಬರಲ್ಲ ನಿಜ, ಗಾಳಿಯೂ ಬರಲ್ಲ, ಏನಾಗ್ತಿದೆ ಅಂತ ಕಾಣಲ್ಲ. ಇನ್ನೊಂದು, ಇಡೀ ಭಾರ ವರ್ಷವಿಡೀ ಗಾಲಿಯ ಅದೇ ಜಾಗದ ಮೇಲೆ, ಅದೇ ಅಚ್ಚಿನ ಮೇಲೆ ಕೂತಿರುತ್ತದೆ.

6/7
ಜಗತ್ತು ಇದನ್ನು ಹೇಗೆ ನಿಭಾಯಿಸಿದೆ? ಮೂರು ಉದಾಹರಣೆ.

ಈಜಿಪ್ಟ್: ದೊರೆ ಖುಫುವಿನ ದೋಣಿ. ಸುಮಾರು 43 ಮೀಟರ್ ಉದ್ದದ್ದನ್ನು 1,224 ತುಂಡು ಮಾಡಿ, ಕಲ್ಲಿನ ಗುಂಡಿಯಲ್ಲಿಟ್ಟು ಗಾಳಿ ಆಡದಂತೆ ಮುಚ್ಚಿದ್ದರು. 1954ರಲ್ಲಿ ತೆಗೆದಾಗ ಸುಮಾರು 4,500 ವರ್ಷ ಆಗಿತ್ತು, ಕಟ್ಟಿಗೆ ಗಟ್ಟಿಯಾಗಿತ್ತು.

ಸ್ವೀಡನ್: 1628ರಲ್ಲಿ ಮುಳುಗಿದ ವಾಸಾ ಹಡಗು. ಸಮುದ್ರದಡಿ 333 ವರ್ಷ ಉಳಿದುಕೊಂಡಿತು. 1961ರಲ್ಲಿ ಮೇಲೆತ್ತಿದ ಮೇಲೆ ಸುಮಾರು 17 ವರ್ಷ ಔಷಧಿ ಸಿಂಪಡಿಸಿದರು. ಆದರೂ 2000ರಲ್ಲಿ, ಕಟ್ಟಿಗೆಯೊಳಗಿನ ಗಂಧಕ ಆಮ್ಲವಾಗುತ್ತಿರುವುದು ಗೊತ್ತಾಯಿತು. ತುಕ್ಕು ಹಿಡಿದ ಕಬ್ಬಿಣವೂ ಅದಕ್ಕೆ ಕೈಜೋಡಿಸಿತ್ತು. ಮ್ಯೂಸಿಯಂನಲ್ಲಿಟ್ಟರೂ ಕಾವಲು ತಪ್ಪಲಿಲ್ಲ.

ಪುರಿ: ಅವರು ಇಡೋದೇ ಇಲ್ಲ! ಜಗನ್ನಾಥನ ರಥಗಳನ್ನು ಪ್ರತಿ ವರ್ಷ ಹೊಸದಾಗಿ ಕಟ್ಟುತ್ತಾರೆ. ಅಲ್ಲಿ ಉಳಿಯೋದು ವಸ್ತುವಲ್ಲ, ಕೈಕೆಲಸ.

7/7
ನಮ್ಮ ದಾರಿ ಈ ಮೂರೂ ಅಲ್ಲ. ಅದೇ ತೇರನ್ನು ಇಟ್ಟುಕೊಂಡು, ಹಾಳಾದ ಭಾಗ ಬದಲಿಸುತ್ತಾ ಹೋಗೋದು. ಅದಕ್ಕೆ ಜಾತ್ರೆಯೇ ಗಡಿಯಾರ. ಜಾತ್ರೆ ಬಂತು ಅಂದ್ರೆ ತೇರು ಹೊರಗೆ ಬರಲೇಬೇಕು, ತೊಳೆಯಲೇಬೇಕು, ಗಾಲಿ ನೋಡಲೇಬೇಕು. ಕೊರೊನಾ ಕಾಲದಲ್ಲಿ ಎಷ್ಟೋ ಊರಲ್ಲಿ ತೇರು ಎಳೆಯಲಿಲ್ಲ. ಹಾಗೆ ಒಂದು ವರ್ಷ ತಪ್ಪಿದಾಗಲೆಲ್ಲ ಈ ತಪಾಸಣೆಯೂ ತಪ್ಪುವ ಭಯ ಇದೆ. ಬಂಡಿಗಂತೂ ಈಗ ಅಂಥ ಗಡಿಯಾರವೇ ಉಳಿದಿಲ್ಲ.

ನಿಮ್ಮಿಂದ ಆಗೋದು ಇಷ್ಟು. ನಿಮ್ಮೂರ ತೇರು ನಿಂತ ಜಾಗಕ್ಕೆ ಜಾತ್ರೆ ಇಲ್ಲದ ದಿನ ಹೋಗಿ. ಬುಡದಲ್ಲಿ ಮಣ್ಣಿನ ಕೊಳವೆ ಇದೆಯಾ? ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದೆಯಾ? ಗಾಲಿ ಕಲ್ಲಿನ ಮೇಲಿದೆಯಾ, ಮಣ್ಣಿನ ಮೇಲಾ? ಫೋಟೊ ತೆಗೆದು ಗುಡಿಯ ಹಿರಿಯರಿಗೆ ತೋರಿಸಿ. ಮನೆಯಲ್ಲಿ ಹಳೇ ಬಂಡಿ ಇದ್ದರೆ ಗಾಲಿಯನ್ನು ನೆಲದಿಂದ ಎತ್ತಿ ಕಲ್ಲಿನ ಮೇಲಿಡಿ, ಮೇಲೆ ನೆರಳು ಮಾಡಿ, ಸುತ್ತ ಗಾಳಿಗೆ ಬಿಡಿ. ಮತ್ತೆ ನಿಮ್ಮೂರಲ್ಲಿ ಹಳಿ ಏರಿಸೋಕೆ ಬರುವವರು ಯಾರಾದರೂ ಇನ್ನೂ ಇದ್ದರೆ, ಕೂತು ಕೇಳಿ, ವಿಡಿಯೊ ಮಾಡಿ. ಅಜ್ಜಾರ ಕೈಯಲ್ಲಿರೋದನ್ನ ಶೆಡ್ಡಿನಲ್ಲಿಡೋಕಾಗಲ್ಲ.

ನಿಮ್ಮೂರ ತೇರು ಎಲ್ಲಿ ನಿಂತಿದೆ? ಕಮೆಂಟಲ್ಲಿ ಹೇಳ್ರಿ.

#ಕಲಬುರಗಿ #ಕಮಲಾಪುರ #ತೇರು #ಬಂಡಿ #ನಮ್ಮಇತಿಹಾಸ