ದ್ರಾಕ್ಷಿಯ ಮದ್ದು, ಕರಾವಳಿಯ ಮಳೆ

ಅಪ್ಸರಕೊಂಡದ ಚಿರೆಕಲ್ಲಿನ ಗುಡ್ಡವನ್ನೂ ಅದರ ಪಡುವಣದ ಸಮುದ್ರವನ್ನೂ ಒಳಗೊಂಡ ಹೊನ್ನಾವರ ಸೀಮೆಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದುಹೋಗುತ್ತದೆ. ಗುಡ್ಡಗಳ ನಡುವಿನ ಕಣಿವೆಯ ಅಡಿಕೆ ತೋಟಗಳಿಗೆ ಕೊಳೆರೋಗ ತಗಲುವುದೂ ಈ ನಾಲ್ಕು ತಿಂಗಳುಗಳಲ್ಲೇ. ಫೈಟಾಫ್ತೊರಾ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ ಎಳೆಗಾಯಿಯ ತೊಟ್ಟಿನ ಬಳಿ ನೀರಿನಲ್ಲಿ ತೊಯ್ದಂಥ ಕಡುಹಸಿರು ಕಲೆ ಮೂಡಿಸಿ, ಕೆಲವೇ ದಿನಗಳಲ್ಲಿ ಇಡೀ ಕೊನೆಯನ್ನು ಉದುರಿಸಿಬಿಡುತ್ತದೆ. ಇದಕ್ಕೆ ಅಡಿಕೆ ಸೀಮೆಯ ಬೆಳೆಗಾರರು ಹಿಂದಿನಿಂದ ಮಾಡುತ್ತಿದ್ದ ಉಪಾಯವೆಂದರೆ ಕೊಟ್ಟೆ ಕಟ್ಟುವುದು, ಅಂದರೆ ಹುಲ್ಲು, ಸೋಗೆ, ಹಾಳೆಗಳಿಂದ ಮಾಡಿದ ಹೊದಿಕೆಯನ್ನು ಕೊನೆಗೆ ಕಟ್ಟಿ ಮಳೆನೀರು ತಾಗದಂತೆ ನೋಡಿಕೊಳ್ಳುವುದು. ಮರಮರವನ್ನೂ ಏರಬೇಕಾದ ಈ ಕೆಲಸದ ಹಿಂದೆ ರೋಗ ಹಬ್ಬಲು ನೀರು ಬೇಕೆಂಬ ಸರಿಯಾದ ತಿಳಿವಳಿಕೆಯಿತ್ತು.

ಇಂದು ಈ ತೋಟಗಳಲ್ಲಿ ಹೊಡೆಯುವ ಬೋರ್ಡೋ ದ್ರಾವಣವೆಂಬ ಮದ್ದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ. ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ಅಲ್ಲಿಯ ಬೆಳೆಗಾರರು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು; ಆ ಬಳ್ಳಿಗಳಿಗೆ ಬೂಜುರೋಗ ತಗಲದ್ದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದ. ಆದರೆ ಬೋರ್ಡೋದಲ್ಲಿ ವರ್ಷವಿಡೀ ಹರಡಿ ಬೀಳುವ ಮಳೆ ಸುಮಾರು 900 ಮಿ.ಮೀ. ಮಾತ್ರ. ಅಲ್ಲಿನ ಎಲೆಯ ಮೇಲೆ ವಾರಗಟ್ಟಲೆ ನಿಲ್ಲುವ ಲೇಪ ಇಲ್ಲಿನ ಜಡಿಮಳೆಗೆ ತೊಳೆದುಹೋಗುವುದು ಸಹಜ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಸಿಸಿ, ದ್ರಾವಣಕ್ಕೆ ರಾಳವನ್ನೂ ಸೋಡಾವನ್ನೂ ಕುದಿಸಿ ಮಾಡಿದ ಅಂಟನ್ನು ಸೇರಿಸುವ ಕ್ರಮವನ್ನು ಬಳಕೆಗೆ ತಂದರು. ಪರದೇಶದ ಮದ್ದು ಈ ಮಳೆಯಲ್ಲಿ ಎಷ್ಟು ದಿನ ನಿಂತೀತು ಎಂದು ಕೇಳಿಕೊಂಡದ್ದೇ ಕೋಲ್ಮನ್ನರ ದೊಡ್ಡತನ, ಅಡಿಕೆ ಸೀಮೆ ಅವರಿಗೆ ಋಣಿಯಾಗಿರುವುದೂ ಅದಕ್ಕೇ.

ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದು ಶೇ. 1ರ ಬೋರ್ಡೋ ದ್ರಾವಣದ ಲೆಕ್ಕ. ಆದರೆ ಸುಣ್ಣ ಎಲ್ಲೆಡೆಯೂ ಒಂದೇ ಗುಣದ್ದಾಗಿರುವುದಿಲ್ಲ. ಹಳೆಯದಾಗಿ ಗಾಳಿಗೆ ಸತ್ವ ಕಳೆದುಕೊಂಡದ್ದಾದರೆ ತೂಕ ಸರಿಯಿದ್ದರೂ ಮದ್ದು ಕೆಡುತ್ತದೆ. ಅದಕ್ಕಾಗಿ ತಿಕ್ಕಿ ಬೆಳಗಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ: ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು, ಹಿಡಿಯದಿದ್ದರೆ ಮದ್ದು ಹದಕ್ಕೆ ಬಂದಿದೆ.

ಮೊದಲ ಸಿಂಪರಣೆ ಮಳೆ ಹಿಡಿಯುವ ಮುನ್ನ, ಎರಡನೆಯದು 40–45 ದಿನಗಳ ಬಳಿಕ ಎಂಬ ಸಲಹೆ ಎಲ್ಲ ತೋಟಗಳಿಗೂ ಒಂದೇ. ಆದರೆ ಕೊನೆ ಒದ್ದೆಯಾಗಿರುವಾಗ ಹೊಡೆದ ಮದ್ದು ಅಂಟುವುದಿಲ್ಲವಾದ್ದರಿಂದ, ಕರಾವಳಿಯಲ್ಲಿ ಎರಡನೆಯ ಮದ್ದಿನ ದಿನವನ್ನು ಗೊತ್ತುಮಾಡುವುದು ಮಳೆಯ ನಡುವೆ ಸಿಗುವ ಹೊಳವು.