ಹಂಚು ನೋಡಿ ಮನೆ ಕೊಳ್ಳುವ ಮುನ್ನ

"ಮಂಗಳೂರು ಹಂಚಿನ ಮನೆ, ಗಟ್ಟಿ" ಎಂದು ಹಳೆ ಮನೆ ಮಾರುವವರು ಹೇಳುವುದುಂಟು. ಆ ಮಾತಿಗೊಂದು ಇತಿಹಾಸವಿದೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹಂಚು ಬಂದ ಮನೆಗಳಲ್ಲಿ ಆಗಾಗ ಹುಲ್ಲು ಹೊದಿಸುವ ಕೆಲಸ ತಪ್ಪಿತು, ಬೆಂಕಿಯ ಭಯವೂ ಇಳಿಯಿತು.

ಆದರೆ ಹಂಚು ಬಾಳಿದಷ್ಟು ಕಾಲ ಅದನ್ನು ಹೊತ್ತ ಮರ ಬಾಳಬೇಕೆಂದಿಲ್ಲ. ಒಂದೊಂದು ಹಂಚೂ ಎರಡು ಕೆಜಿಗಿಂತ ಹೆಚ್ಚು ತೂಗುತ್ತದೆ. ಅದಕ್ಕೇ ನಾವು ಹೇಳುವುದು: ಮನೆ ನೋಡಲು ಮಳೆಗಾಲದಲ್ಲೇ ಹೋಗಿ. ರೀಪು, ಪಕಾಸಿಗೆ ಗೆದ್ದಲು ಹಿಡಿದಿದೆಯೇ, ಗೋಡೆಯ ಬುಡ ಒದ್ದೆಯೇ ನೋಡಿ. ನಾಲ್ಕು ಒಡೆದ ಹಂಚು ಬದಲಿಸುವುದು ಸಣ್ಣ ಕೆಲಸ. ಮರವೇ ಹೋಗಿದ್ದರೆ ಇಡೀ ಮಾಡು ಇಳಿಸಬೇಕು. ಬಡಗಿಯನ್ನು ಕರೆದೊಯ್ದು ಆ ಖರ್ಚು ಕೇಳಿಕೊಳ್ಳಿ. ಮುಂಗಡ ಆಮೇಲೆ ಕೊಡಿ.