ಮಾರ್ಫಿನ್ ಮಾತ್ರೆ: ನೋವು ಮತ್ತು ಚಟದ ನಡುವೆ

ಕ್ಯಾನ್ಸರ್ ರೋಗಿಯ ಮನೆಗೆ ಮಾರ್ಫಿನ್ ಬಂತೆಂದರೆ ಮನೆಯವರಿಗೆ ಎರಡು ಭಯ. ಇನ್ನು ಹೆಚ್ಚು ದಿನವಿಲ್ಲ ಎಂಬುದು ಒಂದು, ಚಟ ಹತ್ತೀತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಆಧಾರವಿಲ್ಲ. ಮಾರ್ಫಿನ್ ಕೊಡುವುದು ನೋವಿನ ಪ್ರಮಾಣ ನೋಡಿ, ಉಳಿದ ಆಯುಸ್ಸು ನೋಡಿ ಅಲ್ಲ.

ಮಾರ್ಫಿನ್ ಗಸಗಸೆ ಗಿಡದ ಅಫೀಮಿನಿಂದ ಸಿಗುವ ಔಷಧ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿ ಪಡೆದ ರೈತರು ಅಫೀಮು ಬೆಳೆಯುತ್ತಾರೆ. ಆದರೂ 1985ರ ಮಾದಕದ್ರವ್ಯ ಕಾಯ್ದೆಯ ನಂತರ ಹಲವು ಪರವಾನಗಿಗಳ ತಾಪತ್ರಯ, ಶಿಕ್ಷೆಯ ಹೆದರಿಕೆಯಿಂದ ಹೆಚ್ಚಿನ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕಳ್ಳಸಾಗಾಣಿಕೆದಾರರಿಗೆಂದು ಮಾಡಿದ ಕಾನೂನು ಮೊದಲು ತಟ್ಟಿದ್ದು ಹಾಸಿಗೆ ಹಿಡಿದವರಿಗೆ!

1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಕೋಝಿಕ್ಕೋಡು ವೈದ್ಯಕೀಯ ಕಾಲೇಜಿನಲ್ಲಿ ನೋವು ಶಮನ ಸೊಸೈಟಿ ಆರಂಭಿಸಿದರು. ಅದು ಊರಿನ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ನೀತಿ ತಂದಿತು. ಕಾಸರಗೋಡಿನ ಹಳ್ಳಿಗಳಲ್ಲಿ ಮನೆಮನೆಗೆ ಬರುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಇದೇ ವ್ಯವಸ್ಥೆಯ ಭಾಗ. 2014ರ ತಿದ್ದುಪಡಿಯ ಬಳಿಕ, ತರಬೇತಿ ಪಡೆದ ವೈದ್ಯರಿರುವ ಮಾನ್ಯತೆ ಪಡೆದ ಸಂಸ್ಥೆಗಳು ದಾಸ್ತಾನು ಪುಸ್ತಕ ಬರೆದಿಟ್ಟು ಮಾರ್ಫಿನ್ ಕೊಡಬಹುದು.

ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ಆದ್ದರಿಂದ ನೋವು ಬಂದ ಮೇಲೆ ಅಲ್ಲ, ಗಡಿಯಾರ ನೋಡಿ ಕೊಡಬೇಕು. ಮೊದಲ ಕೆಲವು ದಿನ ವಾಕರಿಕೆ, ತೂಕಡಿಕೆ ಇರಬಹುದು. ಮಲಬದ್ಧತೆ ಮಾತ್ರ ಬಿಡದು. ಅದಕ್ಕೆ ಜೊತೆಗೇ ಬೇರೆ ಮದ್ದು ಬೇಕು. ದೇಹ ಔಷಧಿಗೆ ಒಗ್ಗುತ್ತದೆ, ಥಟ್ಟನೆ ನಿಲ್ಲಿಸಿದರೆ ಮೈಕೈ ನೋವು, ಬೆವರು, ಭೇದಿ ಕಾಣಿಸುತ್ತದೆ. ಇದು ಚಟವಲ್ಲ. ಹಾನಿಯೆಂದು ಗೊತ್ತಿದ್ದೂ ಬಿಡಲಾಗದೆ ಮದ್ದಿನ ಹಿಂದೆ ಓಡುವುದು ಚಟ.

ಹಾಗೆಂದು ಅಪಾಯವೇ ಇಲ್ಲವೆನ್ನಲಾಗದು. ಬೆನ್ನುನೋವಿಗೆಂದು ತಿಂಗಳುಗಟ್ಟಲೆ ನುಂಗುವ ಟ್ರಮಡಾಲ್ ಕೂಡ ಇದೇ ಗುಂಪಿನದು. 2018ರಲ್ಲಿ ಅದೂ ಮಾದಕದ್ರವ್ಯ ಕಾಯ್ದೆಯಡಿ ಬಂತು. ಮೊದಲೇ ಕುಡಿತ ಅಥವಾ ಮಾದಕವಸ್ತುವಿನ ಚಟವಿದ್ದವರಿಗೆ ಕ್ಯಾನ್ಸರ್ ಬಂದರೆ ನೋವಿನ ಮದ್ದು ನಿರಾಕರಿಸುವುದು ಕ್ರೌರ್ಯ, ಕೈತುಂಬ ಕೊಡುವುದು ಅವಿವೇಕ. ನೋವಿನ ವೈದ್ಯರೂ ಚಟ ಬಿಡಿಸುವ ವೈದ್ಯರೂ ಪರಸ್ಪರ ಮಾತಾಡಿ, ಒಬ್ಬರೇ ಚೀಟಿ ಬರೆದು, ಕೆಲವೇ ದಿನಗಳ ಮಾತ್ರೆಯನ್ನು ಮನೆಯ ಒಬ್ಬರ ಕೈಗೆ ಕೊಡುವುದು ಸರಿಯಾದ ದಾರಿ. ಅಫೀಮು, ಹೆರಾಯಿನ್ ಚಟಕ್ಕೆ ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಹಾಗೂ ಮೆಥಡೋನ್ ಚಿಕಿತ್ಸೆಯಿದೆ. ಬುಪ್ರೆನಾರ್ಫಿನ್ ತೆಗೆದುಕೊಳ್ಳುವವರಿಗೆ ಗೊತ್ತಿಲ್ಲದೆ ಮಾರ್ಫಿನ್ ಕೊಟ್ಟರೆ ಅದು ಸರಿಯಾಗಿ ಕೆಲಸ ಮಾಡದು. ಹಾಗಾಗಿ ಏನನ್ನೂ ಮುಚ್ಚಿಡಬಾರದು.

ಮಂಗಳೂರಿನಲ್ಲಿ ಚಿಕಿತ್ಸೆ ಪಡೆದು ಕಾಸರಗೋಡಿಗೆ ಮರಳುವವರು ಡಿಸ್ಚಾರ್ಜ್ ಚೀಟಿಯಲ್ಲಿ ಮಾರ್ಫಿನ್ ಪ್ರಮಾಣ, ಹೊತ್ತು ಬರೆಸಿಕೊಂಡು, ಮಾತ್ರೆ ಮುಗಿಯುವ ಮೊದಲೇ ಊರಿನ ಪಾಲಿಯೇಟಿವ್ ಘಟಕಕ್ಕೆ ತೋರಿಸಬೇಕು. ಉಳಿದ ಮಾತ್ರೆಗಳನ್ನು ನೆರೆಯವರ ಸೊಂಟನೋವಿಗೆ ಕೊಡದೆ, ಕೊಟ್ಟ ಕೇಂದ್ರಕ್ಕೇ ಹಿಂತಿರುಗಿಸಬೇಕು.